"ಬಾತುಮರಿ ಸಿಕ್ಕಿವೆ ಸಾರ್, ತಾಯಿಗೂ ಏಟಾಗಿದೆ"

ಕಳೆದ ಡಿಸೆಂಬರ್‌ನಲ್ಲಿ ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು. ಬೆಂಗಳೂರಿನ ಒಂದು ಕೆರೆ ಏರಿಯ ಮೇಲೆ ವಾಕಿಂಗ್ ಹೋಗಿದ್ದವರು. "ಸಾರ್, ಐದು ಬಾತುಮರಿ ಸಿಕ್ಕಿವೆ. ರಟ್ಟಿನ ಡಬ್ಬದಲ್ಲಿ ಹಾಕಿಟ್ಟಿದ್ದೀನಿ. ತಾಯಿಗೂ ಏಟಾಗಿದೆ, ರೆಕ್ಕೆ ಬಡ್ಕೊಂಡು ನೀರಲ್ಲಿ ಒದ್ದಾಡ್ತಿದೆ. ಹಿಡಿಯೋಕೆ ಹೋದ್ರೆ ಸಿಗ್ತಾ ಇಲ್ಲ."

ಹೇಗೆ ಸಿಗುತ್ತೆ? ಅದಕ್ಕೆ ಏನೂ ಆಗಿರಲಿಲ್ಲ. ಮರಿಗಳ ಹತ್ತಿರ ನಾಯಿಯೋ ಮನುಷ್ಯನೋ ಬಂದರೆ ತಾಯಿ ಬಾತು ರೆಕ್ಕೆ ಮುರಿದ ಹಾಗೆ ನಾಟಕ ಆಡುತ್ತದೆ. ಇನ್ನೇನು ಸಿಕ್ಕೇಬಿಟ್ಟೆ ಅನ್ನುವಷ್ಟು ದೂರದಲ್ಲೇ ಒದ್ದಾಡುತ್ತಾ ನಾಯಿಯನ್ನು ಆಚೆ ಎಳೆದುಕೊಂಡು ಹೋಗುತ್ತದೆ. ಅಷ್ಟರಲ್ಲಿ ಮರಿಗಳು ಜೊಂಡಿನೊಳಗೆ ನುಸುಳಿರುತ್ತವೆ. ನಾಯಿ ಸುಲಭವಾಗಿ ಮೋಸ ಹೋಗುತ್ತದೆ. ಕಷ್ಟ ಇರುವುದು ನಮ್ಮಂಥ ಕರುಣೆ ಜಾಸ್ತಿ ಇರುವವರ ಜೊತೆ. ನಾವು ಮರಿಗಳನ್ನೇ ಎತ್ತಿಕೊಂಡುಬಿಡುತ್ತೇವೆ.

ವನ್ಯಜೀವಿಗಳಿಗೆ ಚಿಕಿತ್ಸೆ ಕೊಡುವ ವೈದ್ಯನಾದ್ದರಿಂದ ಇಂಥ ಡಬ್ಬಗಳು ನನ್ನ ಮೇಜಿನ ಮೇಲೆ ಬರುತ್ತಲೇ ಇರುತ್ತವೆ. ಹಕ್ಕಿಗಳು ಮರಿಗಳಿಗೆ ಬದುಕುವುದನ್ನು ಹೇಗೆ ಕಲಿಸುತ್ತವೆ ಎಂದು ಜನ ಕೇಳುತ್ತಾರೆ. ಮೇಷ್ಟ್ರು ಪಾಠ ಮಾಡಿದ ಹಾಗೆ ಕಲಿಸುವುದನ್ನು ನಾನಂತೂ ನೋಡಿದ್ದು ಕಡಿಮೆ. ನೀರುಹಕ್ಕಿಗಳು ಮರಿಯನ್ನು ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಗುತ್ತವೆ. ಅದು ತಪ್ಪು ಮಾಡಿ ಮಾಡಿ ಕಲಿಯುವ ತನಕ ಅದರ ಜೀವ ಕಾಯುತ್ತವೆ.

ಬಾತನ್ನೇ ನೋಡಿ. ಮೊಟ್ಟೆ ಒಡೆಯುವ ಮೊದಲೇ ಮರಿ ಒಳಗಿನಿಂದ ಕೀಚ್ ಕೀಚ್ ಎನ್ನುತ್ತದೆ, ತಾಯಿ ಮೆಲ್ಲಗೆ ಉತ್ತರ ಕೊಡುತ್ತದೆ. ಹೊರಗೆ ಬರುವ ಹೊತ್ತಿಗೆ ಆ ದನಿ ಮರಿಗೆ ಗೊತ್ತಾಗಿರುತ್ತದೆ. ಒಂದು ದಿನದೊಳಗೆ ತಾಯಿಯ ಹಿಂದೆ ನೀರಿಗೆ ಇಳಿದೂ ಆಯಿತು. ತಾಯಿ ತುತ್ತು ಕೊಡುವುದಿಲ್ಲ. ಹುಳ ಹಿಡಿಯುವುದು ಮರಿಯದೇ ಕೆಲಸ. ಆದರೆ ಹುಳ ಇರುವ ಆಳವಿಲ್ಲದ ಮೂಲೆ ಯಾವುದು, ಹದ್ದು ಬಂದಾಗ ಎಲ್ಲಿ ನುಗ್ಗಬೇಕು, ಅದೆಲ್ಲ ತಾಯಿಯ ಬೆನ್ನು ಹಿಡಿದೇ ಗೊತ್ತಾಗಬೇಕು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಬಾತುಮರಿಯ ತುಪ್ಪುಳ ನೆನೆಯದ ಹಾಗಿರಲು ತಾಯಿಯ ಗರಿಗಳಿಂದ ಅಂಟುವ ಎಣ್ಣೆಯೂ ಬೇಕು. ಮನೆಗೆ ತಂದ ಮರಿಯನ್ನು "ಈಜಲಿ ಪಾಪ" ಎಂದು ಟಬ್‌ಗೆ ಬಿಡುತ್ತಾರೆ. ಅದು ನೆನೆದು, ಚಳಿ ಹಿಡಿದು ಸತ್ತೇ ಹೋಗುತ್ತದೆ. ಇಂಥವನ್ನು ಎಷ್ಟು ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಗುಳುಮುಳುಕದ ಸಂಸಾರ ಬೇರೆ ಥರ. ನಮ್ಮ ಕೆರೆಗಳಲ್ಲಿ ಮುಳುಗಿ ಏಳುವ, ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಹಕ್ಕಿ ಇದು. ಬೈನಾಕ್ಯುಲರ್ ಇದ್ದರೆ ಅದರ ಬೆನ್ನು ನೋಡಿ. ರೆಕ್ಕೆಯ ಸಂದಿಯಿಂದ ಪಟ್ಟೆಪಟ್ಟೆಯ ಪುಟ್ಟ ತಲೆ ಇಣುಕುತ್ತಿರುತ್ತದೆ. ಅಪ್ಪ ಅಮ್ಮ ಇಬ್ಬರೂ ಮರಿ ಹೊರುತ್ತಾರೆ. ಒಂದು ಸಲ ನಾನು ನೋಡುತ್ತಿದ್ದಾಗ ದೊಡ್ಡದು ಬೆರಳುದ್ದದ ಮೀನು ತಂದಿತು. ಮರಿ ಅದನ್ನು ಅಡ್ಡಡ್ಡ ಕಚ್ಚಿತು. ನುಂಗಲು ಆಗಲಿಲ್ಲ, ಮೀನು ಜಾರಿ ನೀರಿಗೆ ಬಿತ್ತು. ದೊಡ್ಡದು ಮುಳುಗಿ ಅದನ್ನೇ ಎತ್ತಿ ತಂದು ಮತ್ತೆ ಕೊಟ್ಟಿತು. ಮೂರು ಸಲ ಹೀಗೇ. ನಾಲ್ಕನೇ ಸಲ ಮೀನಿನ ತಲೆ ಮುಂದೆ ಬಂತು, ಗುಳುಂ. ಇದು ಕಲಿಸಿದ್ದಾ, ಸುಮ್ನೆ ಹಟ ಬಿಡದೆ ಉಣಿಸಿದ್ದಾ? ನನಗೆ ಎರಡಕ್ಕೂ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಕೆಲವು ವಾರ ಕಳೆದರೆ ಅದೇ ಅಪ್ಪ ಅಮ್ಮ ತುತ್ತು ಕೇಳಲು ಬಂದ ಮರಿಯನ್ನು ಕುಕ್ಕಿ ಓಡಿಸುತ್ತವೆ.

ತಾವರೆ ಎಲೆಗಳ ಮೇಲೆ ಓಡಾಡುವ ದೇವನಕ್ಕಿಗಳಲ್ಲಿ ಈ ಕೆಲಸವೆಲ್ಲ ಅಪ್ಪನದು. ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡನ್ನು ಹುಡುಕಿಕೊಂಡು ಹೋಗುತ್ತದೆ. ಅಪ್ಪ ಎಚ್ಚರಿಕೆ ಕೂಗು ಹಾಕಿದರೆ ತಾವರೆ ಎಲೆಯ ಮೇಲಿದ್ದ ಮರಿ ಅಲ್ಲಾಡದೆ ಕುಳಿತುಬಿಡುತ್ತದೆ.

ಕಲಿಯಲು ಜಾಸ್ತಿ ಕಾಲ ಹಿಡಿಯುವುದು ರೀವ (ಟರ್ನ್) ಎಂಬ ಹಕ್ಕಿಗಳಿಗೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ನದಿ ರೀವಗಳು ಸಾವಿರಗಟ್ಟಲೆ ಗೂಡು ಮಾಡುತ್ತವೆ. ಗಾಳಿಯಲ್ಲಿ ನಿಂತು, ಗುರಿ ಇಟ್ಟು, ತಲೆಕೆಳಗಾಗಿ ನೀರಿಗೆ ಬಿದ್ದು ಮೀನು ಹಿಡಿಯುವ ಹಕ್ಕಿ. ನೀರಿನಲ್ಲಿ ಬೆಳಕು ಬಾಗುವುದರಿಂದ ಮೀನು ಕಂಡ ಜಾಗದಲ್ಲಿ ಇರುವುದಿಲ್ಲ. ಈ ಲೆಕ್ಕ ಒಂದೆರಡು ದಿನಕ್ಕೆ ಕೈಹಿಡಿಯುವಂಥದ್ದಲ್ಲ. ಅದಕ್ಕೇ ರೀವದ ಮರಿ ಚೆನ್ನಾಗಿ ಹಾರಲು ಬಂದ ಮೇಲೂ ವಾರಗಟ್ಟಲೆ ಹೆತ್ತವರ ಹಿಂದೆ ಅರಚುತ್ತಾ ತಿರುಗುತ್ತದೆ.

ಈ ಜಾತಿಗಳಲ್ಲೇ ದೊಡ್ಡದಾದ ಕ್ಯಾಸ್ಪಿಯನ್ ರೀವಗಳಿಗೆ ಬಾಲ್ಟಿಕ್ ಸಮುದ್ರದ ಕಡೆ ಜಿಪಿಎಸ್ ಕಟ್ಟಿ ನೋಡಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಆಫ್ರಿಕಾದ ಕಡೆಗೆ ಮೊದಲ ವಲಸೆ ಹೊರಟ ಮರಿಗಳು ಒಂದು ದೊಡ್ಡ ಹಕ್ಕಿಯ ಜೊತೆಯೇ ಹಾರಿದವು. ಹೆಚ್ಚಾಗಿ ಅದು ಅಪ್ಪ. ಜೊತೆ ತಪ್ಪಿಸಿಕೊಂಡ ಮರಿಗಳು ಸತ್ತವು. ಉಳಿದವು ಮುಂದೆ ಒಂಟಿಯಾಗಿ ಹೊರಟಾಗಲೂ ಮೊದಲ ಸಲದ ದಾರಿಯನ್ನೇ ಹಿಡಿದವು.

ಹಾಗಾದರೆ ಮನುಷ್ಯರು ಸಾಕಿದರೆ ಬದುಕುವುದೇ ಇಲ್ಲವಾ? ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡಿನಿಂದ ಬಿದ್ದ ಹೆಜ್ಜಾರ್ಲೆ (ಪೆಲಿಕನ್) ಮರಿಗಳನ್ನು ಊರಿನವರು ಬೇಲಿಯೊಳಗೆ ಮೀನು ಹಾಕಿ ಬೆಳೆಸಿ, ಹಾರಲು ಬಂದ ಮೇಲೆ ಬಿಡುತ್ತಾ ಬಂದಿದ್ದಾರೆ. ಅಲ್ಲಿ ತಲೆಯ ಮೇಲಿನ ಹುಣಸೆ ಮರದ ತುಂಬಾ ಅದರ ಜಾತಿಯ ದೊಡ್ಡವರೇ ಇರುತ್ತಾರೆ, ಅವರ ಹಿಂದೆ ಹೋದರೆ ಆಯಿತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಬ್ರೆಡ್ ತಿಂದು ಬೆಳೆದ ಬಾತುಮರಿ ಯಾರ ಹಿಂದೆ ಹೋಗಬೇಕು? ಅದು ಚಪ್ಪಲಿಯ ಹಿಂದೆ ಹೋಗುತ್ತದೆ.

ಆವತ್ತು ಫೋನ್ ಮಾಡಿದವರಿಗೆ, ಡಬ್ಬವನ್ನು ಮರಿ ಸಿಕ್ಕಿದ ಜಾಗದಲ್ಲೇ ಜೊಂಡಿನ ಅಂಚಿಗೆ ಒಯ್ದು ಮೆಲ್ಲಗೆ ವಾಲಿಸಿ, ನೀವು ಐವತ್ತು ಹೆಜ್ಜೆ ಹಿಂದೆ ಬಂದು ಕುಳಿತುಕೊಳ್ಳಿ ಎಂದೆ. "ತಾಯಿ ಒದ್ದಾಡ್ತಿದೆಯಲ್ಲ ಸಾರ್?" ಎಂದರು. ಇರಲಿ, ಒದ್ದಾಡಲಿ ಎಂದೆ. ಸ್ವಲ್ಪ ಕಲ್ಲು ಹೃದಯದ ಡಾಕ್ಟರ್ ಅಂದುಕೊಂಡಿರಬೇಕು. ಇಪ್ಪತ್ತು ನಿಮಿಷಕ್ಕೆ ಮತ್ತೆ ಫೋನ್ ಬಂತು. ಈ ಸಲ ದನಿ ತಗ್ಗಿಸಿ, ಪಿಸುಗುಟ್ಟುತ್ತಾ. ಮರಿಗಳು ಒಂದೇ ಸಮ ಕೂಗುತ್ತಿದ್ದವಂತೆ. ಜೊಂಡಿನ ಆಚೆಯಿಂದ ತಾಯಿ ನೆಟ್ಟಗೆ ಹಾರಿ ಬಂದು ಇಳಿಯಿತಂತೆ, ಐದೂ ಸಾಲಾಗಿ ಹಿಂದೆ ಹೊರಟವಂತೆ.

"ಸಾರ್, ರೆಕ್ಕೆ ಸರಿಯಾಗೇ ಇದೆಯಲ್ಲ ಅದರದ್ದು!"