ಒಂದೇ ಟೆಂಪ್ಲೇಟ್, ಹತ್ತು ಹೋಂಸ್ಟೇ: ಲೈಸೆನ್ಸ್ ಗೋಜಲಿನ ಹಿನ್ನೆಲೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಹೋಂಸ್ಟೇಗಳ ವೆಬ್‌ಸೈಟ್‌ಗಳನ್ನು ಸಾಲಾಗಿ ತೆರೆದು ನೋಡಿ. ಮೇಲೆ ಅದೇ ಜಾರುವ ಚಿತ್ರಗಳು, ಕೆಳಗೆ ಅದೇ ಮೂರು ಚೌಕ, ಅದೇ ‘ಬುಕ್ ನೌ’ ಬಟನ್. ಫೋಟೊ ಮತ್ತು ಫೋನ್ ನಂಬರ್ ಮಾತ್ರ ಬೇರೆ. ಅದರಲ್ಲಿ ತಪ್ಪೇನಿಲ್ಲ, ಸೈಟಿನ ಸಿದ್ಧ ಅಚ್ಚಾದ ಟೆಂಪ್ಲೇಟ್ ಇರುವುದೇ ಅದಕ್ಕೆ. ಆದರೆ ಒಮ್ಮೆ ದುಡ್ಡು ಕೊಟ್ಟು ತಂದದ್ದನ್ನು ಎಷ್ಟು ಸೈಟಿಗೆ ಹಾಕಬಹುದು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ.

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು, ಕಂಪ್ಯೂಟರ್ ಪ್ರೋಗ್ರಾಂ ಅದರೊಳಗೆ ಬಂದದ್ದು 1984ರ ತಿದ್ದುಪಡಿಯಲ್ಲಿ. ಸಿದ್ಧ ಟೆಂಪ್ಲೇಟ್ ಸಣ್ಣ ಊರಿನ ಡೆವಲಪರ್ ಕೈಗೂ ಸುಲಭವಾಗಿ ಸಿಗತೊಡಗಿದ್ದು ಬಹಳ ತಡವಾಗಿ, 2008ರಲ್ಲಿ ಆಸ್ಟ್ರೇಲಿಯಾದ ಎನ್ವಾಟೊ ಕಂಪನಿ ಥೀಮ್‌ಫಾರೆಸ್ಟ್ ಎಂಬ ಆನ್‌ಲೈನ್ ಟೆಂಪ್ಲೇಟ್ ಮಾರುಕಟ್ಟೆ ಆರಂಭಿಸಿದ ಮೇಲೆ. ಅಲ್ಲಿ ಮಾರುವುದು ಬಳಸುವ ಅನುಮತಿಯನ್ನು. ರೆಗ್ಯುಲರ್ ಲೈಸೆನ್ಸ್ ಒಂದು ಸೈಟಿಗೆ. ಅದನ್ನು ಕ್ಲೈಂಟ್‌ಗಾಗಿ ಮಾಡಿಕೊಡಬಹುದು, ಇನ್ನೊಬ್ಬ ಕ್ಲೈಂಟ್ ಬಂದರೆ ಮತ್ತೆ ಕೊಳ್ಳಬೇಕು. ದುಬಾರಿಯ ಎಕ್ಸ್‌ಟೆಂಡೆಡ್ ತಗೊಂಡರೆ ಎಷ್ಟು ಸೈಟಿಗಾದರೂ ಹಾಕಬಹುದು ಎಂಬ ನಂಬಿಕೆ ಇದೆ. ಅದೂ ಒಂದಕ್ಕೇ. ಸೈಟ್ ಬಳಸುವುದಕ್ಕೇ ಜನರಿಂದ ಹಣ ಪಡೆಯುವುದಾದರೆ ಮಾತ್ರ ಅದು ಬೇಕು. ಸೈಟ್ ಮೂಲಕ ರೂಮ್ ಬಾಡಿಗೆ ತಗೊಳ್ಳುವ ಹೋಂಸ್ಟೇಗೆ ರೆಗ್ಯುಲರ್ ಸಾಕು.

ಗೋಜಲು ಗಟ್ಟಿಯಾದದ್ದು ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಿಂದ. 2003ರಲ್ಲಿ ಬಂದ ಆ ತಂತ್ರಾಂಶ ಜಿಪಿಎಲ್ ಪರವಾನಗಿಯದು: ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು, ಹಂಚಬಹುದು; ಹಂಚಿದರೆ ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು. ಹಾಗಾದರೆ ಅದರ ಮೇಲೆ ಕಟ್ಟಿದ ಥೀಮ್‌ಗೂ, ಅಂದರೆ ಟೆಂಪ್ಲೇಟಿಗೂ, ಇದೇ ಷರತ್ತೇ? 2009ರಲ್ಲಿ ಮುಕ್ತ ತಂತ್ರಾಂಶದ ಕಾನೂನು ಸಂಸ್ಥೆ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರ್ ಅಭಿಪ್ರಾಯ ಕೊಟ್ಟಿತು: ಥೀಮ್‌ನ ಪಿಎಚ್‌ಪಿ ಕೋಡ್‌ಗೆ (ಸೈಟನ್ನು ನಡೆಸುವ ಭಾಗ) ಜಿಪಿಎಲ್ ಅನ್ವಯ, ಚಿತ್ರಗಳಿಗೂ ಸಿಎಸ್‌ಎಸ್‌ಗೂ (ಬಣ್ಣ, ವಿನ್ಯಾಸ ಹೇಳುವ ಭಾಗ) ಅನ್ವಯಿಸಬೇಕಿಲ್ಲ. 2010ರಲ್ಲಿ ‘ಥೀಸಿಸ್’ ಎಂಬ ಜನಪ್ರಿಯ ಥೀಮ್‌ನ ಮೇಲೆ ಬಹಿರಂಗ ಜಗಳವೇ ಆಗಿ, ಕಡೆಗೆ ಅದೂ ಇದೇ ಅರ್ಧಂಬರ್ಧ ಲೈಸೆನ್ಸ್‌ಗೆ ಒಪ್ಪಿತು. 2013ರಲ್ಲಿ, ಇಂಥ ಅರ್ಧ ಜಿಪಿಎಲ್‌ನಲ್ಲಿ ಮಾರುವ ಥೀಮ್‌ಫಾರೆಸ್ಟ್ ಮಾರಾಟಗಾರರು ವರ್ಡ್‌ಪ್ರೆಸ್ ಬಳಗದ ಸಮ್ಮೇಳನವಾದ ವರ್ಡ್‌ಕ್ಯಾಂಪ್‌ನ ವೇದಿಕೆ ಏರಬಾರದೆಂಬ ವಿವಾದ ಎದ್ದಿತು. ಆಮೇಲೆ ಪೂರ್ತಿ ಜಿಪಿಎಲ್‌ನಲ್ಲಿ ಮಾರುವ ಆಯ್ಕೆ ಬಂತು.

ಪರಿಣಾಮ ಒಂದೇ ಜಿಪ್ ಫೈಲಿನಲ್ಲಿ ಕಾಣುತ್ತದೆ. ಒಳಗಿನ ಸ್ಟೈಲ್ ಡಾಟ್ ಸಿಎಸ್‌ಎಸ್ ತೆರೆದರೆ ಥೀಮ್ ಹೆಸರು, ಆವೃತ್ತಿ, ಅದರಡಿ ‘ಲೈಸೆನ್ಸ್’ ಎಂಬ ಸಾಲು ಇರುತ್ತದೆ. ಅಲ್ಲಿ ಪೂರ್ತಿ ಜಿಪಿಎಲ್ ಎಂದಿದ್ದರೆ ಕೋಡನ್ನು ಎರಡನೇ ಹೋಂಸ್ಟೇಗೂ ಹಾಕಬಹುದು. ಅಪ್‌ಡೇಟ್ ಮತ್ತು ಸಪೋರ್ಟ್ ಬೇರೆ ಮಾತು. ಅವು ಸಾಮಾನ್ಯವಾಗಿ ಖರೀದಿಯ ಗುರುತಾಗಿ ಸಿಗುವ ಪರ್ಚೇಸ್ ಕೋಡ್‌ಗೆ ಕಟ್ಟಿರುತ್ತವೆ. ಡೆಮೊದಲ್ಲಿ ಕಂಡ ಫೋಟೊಗಳ ಹಕ್ಕು ಎಷ್ಟೋ ಸಲ ಖರೀದಿಯಲ್ಲೇ ಸೇರಿರುವುದಿಲ್ಲ. ಆ ಲೈಸೆನ್ಸ್ ಸಾಲನ್ನು ಓದುವ ಡೆವಲಪರ್‌ಗಳು ಕಡಿಮೆ, ಅದನ್ನು ಮಾಲೀಕರಿಗೆ ವಿವರಿಸುವವರು ಇನ್ನೂ ಕಡಿಮೆ. 2016ರಲ್ಲಿ ಎನ್ವಾಟೊ ಎಲಿಮೆಂಟ್ಸ್ ಎಂಬ ಚಂದಾ ಪದ್ಧತಿ ಬಂದ ಮೇಲೆ ಪ್ರತಿ ಬಳಕೆಯನ್ನೂ ಪ್ರಾಜೆಕ್ಟ್ ಹೆಸರಿನಲ್ಲಿ ದಾಖಲಿಸುವ ಕೆಲಸವೂ ಸೇರಿತು. ಚಂದಾ ನಿಂತರೂ ಹಳೆಯ ಸೈಟ್ ಉಳಿಯುತ್ತದೆ, ಹೊಸದಕ್ಕೆ ಬಳಸುವಂತಿಲ್ಲ.

ನಮ್ಮ ಊರುಗಳಲ್ಲಿ ಪೆಟ್ಟು ಬೀಳುವುದು ತೋಟದ ಮನೆಯವರಿಗೆ. ಪರ್ಚೇಸ್ ಕೋಡ್ ಡೆವಲಪರ್ ಖಾತೆಯಲ್ಲಿರುತ್ತದೆ. ಅವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಅಪ್‌ಡೇಟ್ ನಿಲ್ಲುತ್ತದೆ, ಮುಳ್ಳಯ್ಯನಗಿರಿಗೆ ಜನ ಹರಿದು ಬರುವ ಹೊತ್ತಿಗೇ ಬುಕಿಂಗ್ ಫಾರ್ಮ್ ಕೈಕೊಡಬಹುದು. ದುಡ್ಡು ಉಳಿಸಲು ಹಾಕಿದ ‘ನಲ್ಡ್’ (ಲೈಸೆನ್ಸ್ ತಪಾಸಣೆ ಕಿತ್ತುಹಾಕಿದ) ಕಾಪಿಯಾದರೆ ಒಳಗೆ ಮಾಲ್‌ವೇರ್ ಇರುವ ಅಪಾಯವೂ ಉಂಟು. ಕೃತಿಸ್ವಾಮ್ಯ ಮೀರಿದ ನಕಲು ಪ್ರೋಗ್ರಾಂ ಎಂದು ಗೊತ್ತಿದ್ದೂ ಬಳಸುವುದು ನಮ್ಮ ಕಾಯ್ದೆಯ ಸೆಕ್ಷನ್ 63ಬಿ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ.

ಐದಾರು ಸಾವಿರ ರೂಪಾಯಿಯ ಥೀಮ್‌ಗಾಗಿ ಈ ಭಾರ ಹೊರಬೇಕಿಲ್ಲ. ಬಿಲ್ಲಿನಲ್ಲಿ ಟೆಂಪ್ಲೇಟಿಗೆ ಬೇರೆ ಸಾಲು ಇರಲಿ: ಹೆಸರು, ಲೈಸೆನ್ಸ್ ಬಗೆ, ಯಾವ ಡೊಮೇನ್‌ಗೆ ಎಂಬ ವಿವರ. ಖರೀದಿ ಮಾಲೀಕರ ಇಮೇಲ್‌ನಲ್ಲೇ ಆಗಲಿ, ಲೈಸೆನ್ಸ್ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿ ಅವರ ಕೈಗೇ ಕೊಡಲಿ.