ಕೊಳೆ ಹೋಯಿತು ಅಂದರೆ ಎಲ್ಲಿಗೆ ಹೋಯಿತು?

ಮಾಲಿನ್ಯ ನಿಯಂತ್ರಣ ಅಂದ ಕೂಡಲೇ ನೆನಪಾಗುವುದು ಫಿಲ್ಟರ್, ಶುದ್ಧೀಕರಣ ಘಟಕ, ಕಾಯ್ದೆ, ದಂಡ. ಇವೆಲ್ಲ ಬೇಕು ನಿಜ. ಆದರೆ ಈ ವಿಷಯವನ್ನು ಹೊಸದಾಗಿ ಓದಲು ಕೂತವರು ಮೊದಲು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು ಬೇರೆಯೇ ಇದೆ. ವಸ್ತು ಮಾಯವಾಗುವುದಿಲ್ಲ. ಗಾಳಿಯಿಂದ ತೆಗೆದದ್ದು ನೀರಿಗೋ ಮಣ್ಣಿಗೋ ಬಂದೇ ಬರುತ್ತದೆ, ನೀರಿನಿಂದ ತೆಗೆದದ್ದು ಕೆಸರಾಗಿ ಎಲ್ಲೋ ಒಂದು ಕಡೆ ಕೂರುತ್ತದೆ, ಆ ಕೆಸರನ್ನು ಸುಟ್ಟರೆ ಒಂದಷ್ಟು ಮತ್ತೆ ಗಾಳಿಗೆ ಹೋಗುತ್ತದೆ. ಈ ಲೆಕ್ಕ ಇಡುವುದೇ ಪರಿಸರ ನಿರ್ವಹಣೆಯ ಅರ್ಧ ಕೆಲಸ ಅಂತ ನನ್ನ ಅಭಿಪ್ರಾಯ.

1952ರ ಡಿಸೆಂಬರ್ 5ರಂದು ಲಂಡನ್ನಿನ ಮೇಲೆ ದಟ್ಟ ಮಂಜು ಕವಿಯಿತು. ಮೇಲೆ ಬೆಚ್ಚಗಿನ ಗಾಳಿ, ಕೆಳಗೆ ತಣ್ಣನೆಯ ಗಾಳಿ. ಮನೆ ಮನೆಯ ಕಲ್ಲಿದ್ದಲ ಹೊಗೆ ಮೇಲೇರಲು ದಾರಿಯಿಲ್ಲದೆ ಐದು ದಿನ ಅಲ್ಲೇ ನಿಂತಿತು. ಸುಮಾರು 4,000 ಮಂದಿ ಸತ್ತರು ಅಂತ ಆಗ ಅಂದಾಜು ಮಾಡಿದರು, ನಂತರದ ಅಧ್ಯಯನಗಳು 12,000ದವರೆಗೂ ಹೇಳುತ್ತವೆ. 1956ರಲ್ಲಿ ಬ್ರಿಟನ್ ಶುದ್ಧ ಗಾಳಿ ಕಾಯ್ದೆ ತಂದಿತು. ಮನೆಗಳ ಹೊಗೆ ಇಳಿಯಿತು, ಅದು ದೊಡ್ಡ ಗೆಲುವೇ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಹೊಗೆಯಲ್ಲಿದ್ದ ಗಂಧಕಕ್ಕೆ ಮಾತ್ರ ಕಂಡುಕೊಂಡ ಉಪಾಯ ಎತ್ತರದ ಚಿಮಣಿ. ಹೊಗೆ ಮೇಲೆ ಹೋದಷ್ಟೂ ಗಾಳಿಯಲ್ಲಿ ಹರಡಿ ತೆಳುವಾಗುತ್ತದೆ, ಊರಿನ ಮಾಪಕದಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ.

ಗಂಧಕ ಮಾತ್ರ ಗಾಳಿಯ ಜೊತೆ ಸಮುದ್ರ ದಾಟಿತು. ಬ್ರಿಟನ್ನಿನಿಂದ, ಯುರೋಪಿನ ಇತರ ಕೈಗಾರಿಕಾ ದೇಶಗಳಿಂದ ಹೊರಟದ್ದು ನಾರ್ವೆ, ಸ್ವೀಡನ್‌ಗಳಲ್ಲಿ ಆಮ್ಲ ಮಳೆಯಾಗಿ ಬಿತ್ತು. ಸಾವಿರಾರು ಕೆರೆಗಳಲ್ಲಿ ಮೀನು ಕಡಿಮೆಯಾದವು, ಎಷ್ಟೋ ಕೆರೆಗಳಲ್ಲಿ ಇಲ್ಲವೇ ಇಲ್ಲವಾದವು. ಸ್ವೀಡನ್ನಿನ ಮಣ್ಣು ವಿಜ್ಞಾನಿ ಸ್ವಾಂತೆ ಓಡೆನ್ 1960ರ ದಶಕದ ಕೊನೆಯಲ್ಲಿ ಈ ನಂಟನ್ನು ತೋರಿಸಿಕೊಟ್ಟರು. ಅದಾದ ಮೇಲೂ, 1972ರಲ್ಲಿ, ಕೆನಡಾದ ಸಡ್ಬರಿಯ ನಿಕಲ್ ಕಾರ್ಖಾನೆಗೆ 381 ಮೀಟರ್ ಎತ್ತರದ ಚಿಮಣಿ ಎದ್ದಿತು! ಗಂಧಕದ ವಿಚಾರದಲ್ಲಿ ದೇಶಗಳು ಒಂದು ಒಪ್ಪಂದಕ್ಕೆ ಕೂತದ್ದು 1979ರಲ್ಲಿ.

ಹೊಗೆಯನ್ನು ಹರಡುವುದು ಒಂದು, ಹಿಡಿಯುವುದು ಇನ್ನೊಂದು. ಚಿಮಣಿಗೆ ಹೋಗುವ ಮೊದಲೇ ಹೊಗೆಯ ಮೇಲೆ ಸುಣ್ಣದಕಲ್ಲಿನ ಪುಡಿ ಕದಡಿದ ನೀರು ಸಿಂಪಡಿಸಿದರೆ ಗಂಧಕದ ಡೈಆಕ್ಸೈಡ್ ಅದರ ಜೊತೆ ಸೇರಿ ಕೊನೆಗೆ ಜಿಪ್ಸಂ ಆಗುತ್ತದೆ. ನೂರಕ್ಕೆ 90ಕ್ಕಿಂತ ಜಾಸ್ತಿ ಹೀಗೆ ಹಿಡಿಯಬಹುದು, ಆ ಜಿಪ್ಸಂ ಗೋಡೆಯ ಹಲಗೆಗಳಿಗೆ ಆಗುತ್ತದೆ. ಬೂದಿಯ ಕಣಗಳಿಗೆ ವಿದ್ಯುತ್ ಆವೇಶ ಕೊಟ್ಟು ಲೋಹದ ತಟ್ಟೆಗಳಿಗೆ ಅಂಟಿಸುವ ಯಂತ್ರವಂತೂ ನೂರಕ್ಕೆ 99ರಷ್ಟು ಬೂದಿ ಹಿಡಿಯುತ್ತದೆ. ಸರಿ, ಹಿಡಿದ ಬೂದಿ? ಸಿಮೆಂಟಿಗೆ ಒಂದಷ್ಟು ಹೋಗುತ್ತದೆ, ಉಳಿದದ್ದಕ್ಕೆ ಹೊಂಡ ಕಟ್ಟಬೇಕು. 2008ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆನೆಸಿಯ ಕಿಂಗ್‌ಸ್ಟನ್‌ನಲ್ಲಿ ಅಂಥದೊಂದು ಹೊಂಡದ ಒಡ್ಡು ಒಡೆದು 40 ಲಕ್ಷ ಘನ ಮೀಟರಿಗಿಂತ ಜಾಸ್ತಿ ಬೂದಿ ಕೆಸರು ನದಿಗೂ ಸುತ್ತಲ ಜಮೀನಿಗೂ ನುಗ್ಗಿತು. ಗಾಳಿಯನ್ನು ಉಳಿಸಲು ಹಿಡಿದಿಟ್ಟ ಬೂದಿಯೇ ಅದು.

ನೀರಿನಲ್ಲೂ ಇದೇ ಲೆಕ್ಕ. ಒಂದು ಕಾರ್ಖಾನೆ ದಿನಕ್ಕೆ 1 ಲಕ್ಷ ಲೀಟರ್ ಕೊಳೆನೀರು ಬಿಡುತ್ತದೆ, ಲೀಟರಿಗೆ 300 ಮಿಲಿಗ್ರಾಂ ಕೊಳೆ ಇದೆ ಅಂದುಕೊಳ್ಳಿ. ದಿನಕ್ಕೆ 30 ಕಿಲೋ ಆಯಿತು. ಮಿತಿ 30 ಮಿಲಿಗ್ರಾಂ ಅಂತ ನಿಯಮ ಇದ್ದರೆ, ಇನ್ನೂ 9 ಲಕ್ಷ ಲೀಟರ್ ಒಳ್ಳೆ ನೀರು ಸುಮ್ನೆ ಬೆರೆಸಿದರೆ ಸಾಕು, ಪರೀಕ್ಷೆಯಲ್ಲಿ ಪಾಸು. ನದಿಗೆ ಬೀಳುವುದು ಆಗಲೂ ಅದೇ 30 ಕಿಲೋ. ಜೊತೆಗೆ 9 ಲಕ್ಷ ಲೀಟರ್ ಒಳ್ಳೆ ನೀರೂ ಹಾಳು. ಅದಕ್ಕೇ ಲೀಟರಿಗೆ ಎಷ್ಟು ಅನ್ನುವುದರ ಜೊತೆ ದಿನಕ್ಕೆ ಒಟ್ಟು ಎಷ್ಟು ಕಿಲೋ ಅಂತಲೂ ಕೇಳಲೇಬೇಕು. ಒಂದೇ ಅಂಕಿ ತೋರಿಸಿ ನದಿ ಚೆನ್ನಾಗಿದೆ ಅನ್ನುವ ವರದಿಯನ್ನು ನಂಬಬೇಡಿ.

ಕೊಳೆನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವುದೇ ಸುಮಾರು 9 ಮಿಲಿಗ್ರಾಂ, ಅದೂ ಹೋದರೆ ಮೀನು ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ನದಿಯಲ್ಲಿ ನಡೆಯುವ ಈ ಊಟವನ್ನು ತೊಟ್ಟಿಯಲ್ಲೇ, ಗಾಳಿ ಊದಿ, ಮುಗಿಸಿಬಿಡುವ ದಾರಿಯನ್ನು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡೆರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಕಂಡುಕೊಂಡರು. ಲೋಕದ ಬಹುಪಾಲು ದೊಡ್ಡ ಘಟಕಗಳು ಇವತ್ತಿಗೂ ಅದನ್ನೇ ನಂಬಿವೆ. ಇಲ್ಲೂ ತಿಂದದ್ದರಲ್ಲಿ ಸರಿಸುಮಾರು ಅರ್ಧ ಮಾತ್ರ ಗಾಳಿಗೆ ಹೋಗುತ್ತದೆ. ಉಳಿದದ್ದು ಹೊಸ ಜೀವಿಗಳ ಮೈಯಾಗಿ ಕೆಸರಾಗುತ್ತದೆ. ಆ ಕೆಸರನ್ನು ಸಾಗಿಸಲು ದುಡ್ಡಿಲ್ಲ ಅಂತ ಘಟಕ ನಿಂತರೆ ನೀರು ಹಾಗೇ ಹೊರಗೆ ಹೋಗುತ್ತದೆ.

ಕೆಲವು ವಿಷಗಳಿಗೆ ಬೆರೆಸುವ ಉಪಾಯ ಸ್ವಲ್ಪವೂ ನಡೆಯುವುದಿಲ್ಲ. ಜಪಾನಿನ ಮಿನಮಾತಾ ಕೊಲ್ಲಿಗೆ ಚಿಸ್ಸೋ ಕಂಪನಿಯ ಕಾರ್ಖಾನೆ ಬಿಟ್ಟ ಪಾದರಸ ಸಮುದ್ರದ ನೀರಿನಲ್ಲಿ ತೆಳುವಾಯಿತು. ಆದರೆ ಪಾಚಿಯಿಂದ ಚಿಕ್ಕ ಮೀನಿಗೆ, ಅದರಿಂದ ದೊಡ್ಡ ಮೀನಿಗೆ ಏರುತ್ತಾ ಏರುತ್ತಾ ಲಕ್ಷಾಂತರ ಪಟ್ಟು ಗಟ್ಟಿಯಾಯಿತು. ಮೀನು ತಿಂದವರ ನರಗಳು ಹಾಳಾದವು, ಹೊಟ್ಟೆಯಲ್ಲಿದ್ದ ಮಕ್ಕಳಿಗೂ ತಟ್ಟಿತು. ರೋಗ ಬೆಳಕಿಗೆ ಬಂದದ್ದು 1956ರಲ್ಲಿ, ಪಾದರಸ ಬಿಡುವುದು ನಿಂತದ್ದು 1968ರಲ್ಲಿ. ಆ 12 ವರ್ಷಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಂಥ ವಿಷಕ್ಕೆ ಮದ್ದು ಒಂದೇ, ಮೂಲದಲ್ಲೇ ನಿಲ್ಲಿಸುವುದು. ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಹಾಗೆಯೇ ನಿಲ್ಲಿಸಲಾಯಿತು. ಹೊಗೆಕೊಳವೆಗೆ ಫಿಲ್ಟರ್ ಹಾಕಲು ಹೋಗಲಿಲ್ಲ, ಸೀಸವನ್ನೇ ತೆಗೆದರು, ಜನರ ರಕ್ತದಲ್ಲಿ ಸೀಸದ ಮಟ್ಟ ಇಳಿಯಿತು. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ, 2021ರಲ್ಲಿ ನಿಲ್ಲಿಸಿತು. ಆದರೆ ಅದಕ್ಕೂ ಮೊದಲು ದಶಕಗಟ್ಟಲೆ ರಸ್ತೆ ಬದಿಗೆ ಉದುರಿದ ಸೀಸ ಮೇಲ್ಮಣ್ಣಿನಲ್ಲಿ ಇನ್ನೂ ಇದೆ, ಯಾಕೆಂದರೆ ಅದು ಕೊಳೆಯುವುದೂ ಇಲ್ಲ, ಮಳೆಗೆ ಬೇಗ ಇಳಿದು ಹೋಗುವುದೂ ಇಲ್ಲ. ವಾಹನ ಜಾಸ್ತಿ ಓಡಾಡಿದ ಹಳೆಯ ರಸ್ತೆಯ ಪಕ್ಕ ತರಕಾರಿ ಬೆಳೆಯುವವರು, ಮಕ್ಕಳನ್ನು ಆಡಲು ಬಿಡುವವರು ಮೊದಲು ಆ ಮಣ್ಣನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು.