ರಿಪೋರ್ಟಿನಲ್ಲಿ ಜೀನ್ ಮುರಿದಿದೆ ಅಂತ ಇದ್ದರೆ ಮಕ್ಕಳಿಗೂ ಬರುತ್ತಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ನಮ್ಮಪ್ಪ ರೇಷ್ಮೆ ನೂಲು ತೆಗೆಯುವ ರೀಲರ್, ವಯಸ್ಸು ಅರವತ್ತು ದಾಟಿದೆ. ಕತ್ತಿನ ಪಕ್ಕ ಗಂಟು ಬಂದಿತ್ತು. ಬಯಾಪ್ಸಿ ಮಾಡಿಸಿದರೆ ಫಾಲಿಕ್ಯುಲರ್ ಲಿಂಫೋಮಾ, ಅಂದರೆ ಗ್ರಂಥಿಗಳ ಒಂದು ಬಗೆಯ ಕ್ಯಾನ್ಸರ್, ಅಂತ ಬಂತು. ಆಮೇಲೆ ಫಿಶ್ ಅಂತ ಇನ್ನೊಂದು ಟೆಸ್ಟ್ ಮಾಡಿಸಿದರು. ಅದರಲ್ಲಿ 14 ಮತ್ತು 18ನೇ ಕ್ರೋಮೋಸೋಮ್ ಮುರಿದು ಸೇರಿಕೊಂಡಿವೆ, ಬಿಸಿಎಲ್2 ಜೀನ್ ಜಾಗ ಬದಲಾಗಿದೆ ಅಂತ ಇದೆ. ಅಪ್ಪನಿಗೆ ಬೀಡಿ, ಎಣ್ಣೆ ಯಾವ ಅಭ್ಯಾಸವೂ ಇಲ್ಲ. ಜೀನ್‌ನಲ್ಲೇ ತೊಂದರೆ ಅಂದ ಮೇಲೆ ಇದು ವಂಶದಲ್ಲಿ ಬಂದಿದ್ದಾ? ತಂಗಿಗೆ ಗಂಡು ನೋಡುತ್ತಿದ್ದೇವೆ. ನಾವೂ ಟೆಸ್ಟ್ ಮಾಡಿಸಿಕೊಳ್ಳಬೇಕಾ?

ಉತ್ತರ: ಇಲ್ಲ. ಆ ಮುರಿತ ನಿಮ್ಮಜ್ಜನಿಂದ ಅಪ್ಪನಿಗೆ ಬಂದಿದ್ದಲ್ಲ. ಅಪ್ಪನಿಂದ ನಿಮಗಾಗಲಿ ನಿಮ್ಮ ತಂಗಿಗಾಗಲಿ ಬರುವುದೂ ಇಲ್ಲ. ಅದಕ್ಕಾಗಿ ನೀವು ಯಾವ ಟೆಸ್ಟೂ ಮಾಡಿಸಬೇಕಾಗಿಲ್ಲ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ತುಂಬಾ ಜನರಿಂದ ಬರುತ್ತದೆ. ಹೆಚ್ಚಿನ ಸಲ ಅದರ ಹಿಂದೆ ಹೀಗೇ ಒಂದು ಮದುವೆ ಮಾತುಕತೆ ಇರುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ಡಾಕ್ಟರ್ ಅಲ್ಲ, ಜೀವಶಾಸ್ತ್ರ ಪಾಠ ಹೇಳುವವನು. ಚಿಕಿತ್ಸೆಯ ವಿಷಯ ನಿಮ್ಮ ಡಾಕ್ಟರ್ ಹತ್ತಿರವೇ ಮಾತಾಡಿ.

ನಿಮ್ಮಪ್ಪನ ಫಿಶ್ ಟೆಸ್ಟ್ ಹೇಗೆ ಮಾಡಿದ್ದಾರೆ ನೋಡಿ. ಕತ್ತಿನ ಗಂಟಿನಿಂದ ತೆಗೆದ ತೆಳು ಪದರವನ್ನು ಗಾಜಿನ ಮೇಲಿಟ್ಟು, 14ನೇ ಕ್ರೋಮೋಸೋಮಿನ ಒಂದು ಜಾಗಕ್ಕೆ ಹಸಿರು, 18ನೆಯದರ ಬಿಸಿಎಲ್2 ಜಾಗಕ್ಕೆ ಕೆಂಪು ಹೊಳೆಯುವ ಬಣ್ಣ ಅಂಟಿಸುತ್ತಾರೆ. ಪ್ರತಿ ಕ್ರೋಮೋಸೋಮೂ ಜೋಡಿಯಾಗಿರುವುದರಿಂದ ಆರೋಗ್ಯವಾಗಿರುವ ಜೀವಕೋಶದಲ್ಲಿ ಎರಡು ಹಸಿರು ಚುಕ್ಕೆ, ಎರಡು ಕೆಂಪು ಚುಕ್ಕೆ ಬೇರೆ ಬೇರೆ ಕಾಣುತ್ತವೆ. ಲಿಂಫೋಮಾ ಕೋಶದಲ್ಲಿ ಒಂದು ಹಸಿರು, ಒಂದು ಕೆಂಪು ಮಾತ್ರ ಒಂಟಿಯಾಗಿ ಉಳಿದಿರುತ್ತವೆ. ಮಿಕ್ಕಿದ್ದು ಒಂದಕ್ಕೊಂದು ಅಂಟಿಕೊಂಡು ಹಳದಿಯಾಗಿ ಕಾಣುತ್ತದೆ. ಆದರೆ ಅದೇ ಗಾಜಿನ ಮೇಲೆ, ಅದೇ ಗಂಟಿನಲ್ಲಿ, ಪಕ್ಕದಲ್ಲೇ ಇರುವ ಟಿ ಕೋಶಗಳಲ್ಲಿ (ಮೈ ಕಾಯುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು) ಹಸಿರು ಬೇರೆ, ಕೆಂಪು ಬೇರೆಯಾಗಿಯೇ ಇರುತ್ತವೆ. ಹುಟ್ಟಿನಿಂದ ಬಂದ ತೊಂದರೆಯಾಗಿದ್ದರೆ ಮೈಯಲ್ಲಿರುವ ಎಲ್ಲ ಕೋಶದಲ್ಲೂ ಹಳದಿ ಕಾಣಬೇಕಿತ್ತು, ಅಲ್ವಾ? ಕಾಣುವುದಿಲ್ಲ. ನಿಮ್ಮಪ್ಪನ ಮೈಯಲ್ಲಿ ಎಂದೋ ಒಂದು ದಿನ, ಒಂದೇ ಒಂದು ಬಿ ಕೋಶದಲ್ಲಿ (ಆ್ಯಂಟಿಬಾಡಿ ತಯಾರಿಸುವ ಬಿಳಿ ರಕ್ತಕಣ) ಆದ ಮುರಿತ ಅದು. ಗಂಟಿನಲ್ಲಿರುವ ಲಿಂಫೋಮಾ ಕೋಶಗಳೆಲ್ಲ ಆ ಒಂದರ ಸಂತಾನ. ಮಕ್ಕಳಿಗೆ ಹೋಗುವುದು ವೀರ್ಯಾಣು, ಅಂಡಾಣುಗಳಲ್ಲಿರುವ ಡಿಎನ್‌ಎ. ಅಲ್ಲಿಗೆ ಇದು ಹೋಗುವ ದಾರಿಯೇ ಇಲ್ಲ.

ಹಾಗಾದರೆ ಆ ಒಂದು ಕೋಶದಲ್ಲಿ ಡಿಎನ್‌ಎ ಯಾಕೆ ಮುರಿಯಿತು? ಯಾರೋ ಹೊರಗಿನವರು ಮುರಿದದ್ದಲ್ಲ. ಆ ಕೋಶವೇ ಮುರಿದುಕೊಂಡಿತು. ಅದರ ಕೆಲಸವೇ ಅದು.

ನಮ್ಮಲ್ಲಿರುವ ಜೀನ್‌ಗಳು ಸುಮಾರು 20,000. ನಮ್ಮ ಮೈ ತಯಾರಿಸಬಲ್ಲ ಆ್ಯಂಟಿಬಾಡಿಗಳ, ಅಂದರೆ ರೋಗಾಣುವನ್ನು ಹಿಡಿಯುವ ಪ್ರೋಟೀನ್‌ಗಳ, ಬಗೆ ಮಾತ್ರ ಕೋಟಿ ಕೋಟಿ. ಒಂದೊಂದು ಆ್ಯಂಟಿಬಾಡಿಗೆ ಒಂದೊಂದು ಜೀನ್ ಇಟ್ಟುಕೊಂಡರೆ ಲೆಕ್ಕವೇ ಕೂಡುವುದಿಲ್ಲ. ಈ ಒಗಟನ್ನು ಬಿಡಿಸಿದವರು ಜಪಾನಿನ ವಿಜ್ಞಾನಿ ಸುಸುಮು ತೊನೆಗಾವಾ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ 1976ರಲ್ಲಿ ಅವರು ತೋರಿಸಿದ್ದು ಇದು: ಬಿ ಕೋಶ ಬೆಳೆಯುವಾಗ ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿ, ತುಂಡುಗಳನ್ನು ಬೇರೆ ಬೇರೆ ರೀತಿ ಜೋಡಿಸಿ, ತನ್ನದೇ ಹೊಸ ಆ್ಯಂಟಿಬಾಡಿ ಜೀನ್ ಮಾಡಿಕೊಳ್ಳುತ್ತದೆ. ಅದಕ್ಕೆ 1987ರಲ್ಲಿ ಅವರಿಗೆ ನೊಬೆಲ್ ಬಂತು. ಈ ಕತ್ತರಿಸುವಿಕೆ ಮೂಳೆಮಜ್ಜೆಯಲ್ಲಿ ನಡೆಯುತ್ತದೆ. ಕತ್ತರಿಸುವುದು ರ‍್ಯಾಗ್1, ರ‍್ಯಾಗ್2 ಎಂಬ ಪ್ರೋಟೀನ್ ಜೋಡಿ. ಕತ್ತರಿ ಬೀಳುವ ಒಂದು ಮುಖ್ಯ ಜಾಗ ಇರುವುದೇ 14ನೇ ಕ್ರೋಮೋಸೋಮಿನಲ್ಲಿ.

ಎಲ್ಲಿ ಕತ್ತರಿಸಬೇಕು ಅಂತ ರ‍್ಯಾಗ್‌ಗೆ ಹೇಗೆ ಗೊತ್ತಾಗುತ್ತದೆ? ಇಲ್ಲಿ ಕ್ರೊಮ್ಯಾಟಿನ್ ಬರುತ್ತದೆ. ಒಂದು ಕೋಶದ ಡಿಎನ್‌ಎ ಬಿಡಿಸಿ ಹಿಡಿದರೆ ಸುಮಾರು 2 ಮೀಟರ್ ಉದ್ದ. ಅದು ಕೂತಿರುವ ನ್ಯೂಕ್ಲಿಯಸ್ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಚಿಕ್ಕದು. ನಿಮ್ಮ ಮನೆಯಲ್ಲಿ ಇದನ್ನು ಹೇಳಿಕೊಡುವುದೇ ಬೇಡ. ಗೂಡಿನಿಂದ ಬಿಚ್ಚಿದ ಎಳೆಯನ್ನು ರಾಟೆಗೆ ಸುತ್ತದೆ ಹಾಗೇ ಬಿಟ್ಟರೆ ಸಿಕ್ಕಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಡಿಎನ್‌ಎಯೂ ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನ್ ಸೇರಿ ಒಂದು ಉಂಡೆ. ಅದರ ಸುತ್ತ ಸುಮಾರು 147 ಅಕ್ಷರದಷ್ಟು ಡಿಎನ್‌ಎ (ಡಿಎನ್‌ಎಯ ಒಂದೊಂದು ಘಟಕವನ್ನು ಅಕ್ಷರ ಅನ್ನುತ್ತೇವೆ). ಈ ಸುತ್ತನ್ನು ಒಟ್ಟಾಗಿ ಕ್ರೊಮ್ಯಾಟಿನ್ ಅನ್ನುತ್ತಾರೆ. ಸಡಿಲವಾಗಿ ಸುತ್ತಿದ ಕಡೆ ಜೀನ್ ಕೆಲಸ ಮಾಡುತ್ತದೆ. ಬಿಗಿಯಾಗಿ ಸುತ್ತಿದ ಕಡೆ ಸುಮ್ಮನಿರುತ್ತದೆ. ಎಲ್ಲಿ ಸಡಿಲ, ಎಲ್ಲಿ ಬಿಗಿ ಅನ್ನುವುದಕ್ಕೆ ಹಿಸ್ಟೋನ್‌ಗಳ ಮೇಲೆ ಸಣ್ಣ ಸಣ್ಣ ರಾಸಾಯನಿಕ ಗುರುತುಗಳಿವೆ. ಅವುಗಳನ್ನು ಹಾಕುವುದಕ್ಕೂ ಅಳಿಸುವುದಕ್ಕೂ ಬೇರೆ ಬೇರೆ ಪ್ರೋಟೀನ್‌ಗಳಿವೆ. ರ‍್ಯಾಗ್2 ಈ ಗುರುತುಗಳಲ್ಲಿ ಒಂದನ್ನು ಓದಬಲ್ಲದು. ಗುರುತು ಇದ್ದ ಕಡೆ ಹೋಗಿ ಕೂರುತ್ತದೆ, ಅಲ್ಲಿ ಕತ್ತರಿಸುತ್ತದೆ. ಇದು ಗೊತ್ತಾಗಿದ್ದು 2007ರಲ್ಲಿ.

ಕತ್ತರಿಸಿದ ಮೇಲೆ ಜೋಡಿಸಬೇಕು. ಡಿಎನ್‌ಎಯ ಎರಡೂ ಎಳೆ ಕತ್ತರಿಸಿಹೋದರೆ ಎಟಿಎಂ ಎಂಬ ಪ್ರೋಟೀನ್ ಎಚ್ಚೆತ್ತು ಸುತ್ತಲಿನ ಹಿಸ್ಟೋನ್‌ಗಳ ಮೇಲೆ ‘ಇಲ್ಲಿ ಮುರಿದಿದೆ’ ಎಂಬ ಗುರುತು ಹಾಕುತ್ತದೆ. ಆ ಗುರುತು ಮುರಿದ ಜಾಗದ ಎರಡೂ ಕಡೆ ಲಕ್ಷಗಟ್ಟಲೆ ಅಕ್ಷರ ದೂರ ಹಬ್ಬುತ್ತದೆ. ಕು70, ಕು80 ಎಂಬ ಎರಡು ಪ್ರೋಟೀನ್‌ಗಳು ತುದಿಗಳನ್ನು ಹಿಡಿದುಕೊಳ್ಳುತ್ತವೆ. ಕೊನೆಗೆ ಲೈಗೇಸ್4 ಬೆಸೆಯುತ್ತದೆ. ಇದು ಬೇಗ ಆಗುವ ಕೆಲಸ. ಆದರೆ ಹಿಡಿದ ತುದಿ ಯಾವ ಕ್ರೋಮೋಸೋಮಿನದು ಅಂತ ಈ ಪ್ರೋಟೀನ್‌ಗಳು ನೋಡುವುದಿಲ್ಲ. ಎರಡು ತುದಿ ಸಿಕ್ಕಿದರೆ ಸಾಕು.

ನಿಮ್ಮಪ್ಪನ ಆ ಕೋಶದಲ್ಲಿ ಎಡವಟ್ಟಾಗಿದ್ದು ಇಲ್ಲೇ. 14ನೆಯದು ಎಂದಿನ ಕೆಲಸಕ್ಕಾಗಿ ಕತ್ತರಿಸಲ್ಪಟ್ಟಿತ್ತು. ಅದೇ ಹೊತ್ತಿಗೆ 18ನೆಯದೂ ಬಿಸಿಎಲ್2 ಹತ್ತಿರ ಮುರಿಯಿತು. ತುದಿಗಳು ಅದಲುಬದಲಾಗಿ ಬೆಸೆದುಕೊಂಡವು. 18ನೆಯದು ಅದೇ ಜಾಗದಲ್ಲಿ ಯಾಕೆ ಮುರಿಯುತ್ತದೆ ಅನ್ನುವುದಕ್ಕೆ ಒಂದು ಮುಖ್ಯ ಸುಳಿವು 2004ರಲ್ಲಿ ಸಿಕ್ಕಿತು. ಅಲ್ಲಿ ಡಿಎನ್‌ಎ ಎಲ್ಲ ಕಡೆಯಂತೆ ನೆಟ್ಟಗೆ ಸುತ್ತಿಕೊಂಡಿರುವುದಿಲ್ಲ, ವಿಚಿತ್ರವಾಗಿ ಮಡಿಸಿಕೊಂಡಿರುತ್ತದೆ, ರ‍್ಯಾಗ್ ಆ ಮಡಿಕೆಯನ್ನೂ ಕತ್ತರಿಸಬಲ್ಲದು ಅಂತ ತೋರಿಸಿದವರು ಸತೀಶ್ ರಾಘವನ್. ಆಗ ಅವರು ಅಮೆರಿಕದಲ್ಲಿ ಮೈಕೆಲ್ ಲೀಬರ್ ಅವರ ಪ್ರಯೋಗಾಲಯದಲ್ಲಿದ್ದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಶಿಡ್ಲಘಟ್ಟದಿಂದ ಬಸ್ಸಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಈ ವಿಷಯದ ಮೇಲೆ ಕೆಲಸ ನಡೆದಿದೆ ಅನ್ನುವುದು ನಮ್ಮ ಹುಡುಗರಿಗೆ ಗೊತ್ತಿರಲಿ ಅಂತ ಹೇಳಿದೆ, ಅಷ್ಟೇ.

ಜಾಗ ಬದಲಾದರೆ ಏನಾಯಿತು? ಬಿಸಿಎಲ್2 ಕೆಲಸ ಕೋಶ ಸಾಯದಂತೆ ನೋಡಿಕೊಳ್ಳುವುದು. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತದಲ್ಲ, ಅಂಥ ಗ್ರಂಥಿಗಳ ಒಳಗೆ ಬಿ ಕೋಶಗಳು ರೋಗಾಣುವಿಗೆ ಹೊಂದುವ ಆ್ಯಂಟಿಬಾಡಿಗಾಗಿ ಇನ್ನೊಂದು ಸುತ್ತು ಪ್ರಯತ್ನ ಮಾಡುತ್ತವೆ. ಎಐಡಿ ಎಂಬ ಪ್ರೋಟೀನ್ ಆ್ಯಂಟಿಬಾಡಿ ಜೀನ್‌ನಲ್ಲಿ ಬೇಕೆಂತಲೇ ಅಕ್ಷರ ಬದಲಿಸುತ್ತದೆ. ಬೇರೆ ಜೀನ್‌ಗಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಜಾಸ್ತಿ ವೇಗದಲ್ಲಿ. ಇಷ್ಟೊಂದು ಹಾನಿಯಾದಾಗ ಬೇರೆ ಕೋಶವಾಗಿದ್ದರೆ ಕೆಲಸ ನಿಲ್ಲಿಸಿಬಿಡುತ್ತಿತ್ತು. ಇಲ್ಲಿ ಬಿಸಿಎಲ್6 ಎಂಬ ಇನ್ನೊಂದು ಪ್ರೋಟೀನ್ ಆ ಎಚ್ಚರಿಕೆಯನ್ನು ತಾತ್ಕಾಲಿಕವಾಗಿ ಅದುಮಿಡುತ್ತದೆ. ಹೊಂದದ ಆ್ಯಂಟಿಬಾಡಿ ಬಂದ ಕೋಶಗಳು ಸಾಯಬೇಕು. ಅದಕ್ಕೇ ಅಲ್ಲಿ ಬಿಸಿಎಲ್2 ಮುಚ್ಚಿರುತ್ತದೆ. ಆದರೆ 14ನೆಯದರ ಪಕ್ಕಕ್ಕೆ ಹೋಗಿ ಕೂತ ಬಿಸಿಎಲ್2 ಮುಚ್ಚುವುದೇ ಇಲ್ಲ. ಅಲ್ಲಿ ಆ್ಯಂಟಿಬಾಡಿ ಜೀನ್ ಸದಾ ತೆರೆದಿರುವುದರಿಂದ ಇದೂ ತೆರೆದೇ ಇರುತ್ತದೆ. ಸಾಯಬೇಕಾದ ಕೋಶ ಸಾಯದೆ ಉಳಿಯುತ್ತದೆ. ಪೆಥಾಲಜಿಸ್ಟ್‌ಗಳು ಗುರುತು ಹಿಡಿಯುವುದೂ ಹೀಗೇ. ಸೋಂಕಿನಿಂದ ಊದಿದ ಗ್ರಂಥಿಯಲ್ಲಿ ಈ ಕೋಶಗಳ ಗುಂಪಿಗೆ ಬಿಸಿಎಲ್2 ಬಣ್ಣ ಹತ್ತುವುದಿಲ್ಲ. ಫಾಲಿಕ್ಯುಲರ್ ಲಿಂಫೋಮಾದಲ್ಲಿ ಸಾಮಾನ್ಯವಾಗಿ ಹತ್ತುತ್ತದೆ.

ಇಷ್ಟಾದರೂ ಇದೊಂದೇ ಸಾಲದು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಆಶ್ಚರ್ಯ ಅನ್ನಿಸುವುದು ಇದು: ಸೂಕ್ಷ್ಮವಾಗಿ ಹುಡುಕಿದರೆ ಆರೋಗ್ಯವಾಗಿರುವ ದೊಡ್ಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ರಕ್ತದಲ್ಲಿ ಇದೇ 14-18ರ ಜೋಡಣೆ ಇರುವ ಕೋಶಗಳು ಒಂದಷ್ಟು ಸಿಗುತ್ತವೆ. ನನ್ನ ರಕ್ತದಲ್ಲೂ ಇರಬಹುದು. ಅವರಲ್ಲಿ ಬಹುತೇಕ ಯಾರಿಗೂ ಲಿಂಫೋಮಾ ಬರುವುದಿಲ್ಲ. ಹಾಗಾಗಿ ‘ಸುಮ್ನೆ ಒಂದು ಸಲ ಮಕ್ಕಳಿಗೂ ನೋಡಿಬಿಡಿ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ದುಡ್ಡೂ ದಂಡ, ಮನಸ್ಸಿನ ನೆಮ್ಮದಿಯೂ ಹಾಳು.

ಲಿಂಫೋಮಾ ಆಗಲು ಇನ್ನೂ ಕೆಲವು ಏಟು ಬೀಳಬೇಕು. ಫಾಲಿಕ್ಯುಲರ್‌ನಲ್ಲಿ ಆ ಏಟು ಹೆಚ್ಚಾಗಿ ಬೀಳುವುದು ಕ್ರೊಮ್ಯಾಟಿನ್ ನೋಡಿಕೊಳ್ಳುವ ಜೀನ್‌ಗಳಿಗೇ. ಕೆಎಂಟಿ2ಡಿ ಎಂಬುದು ಸುತ್ತನ್ನು ಸಡಿಲವಾಗಿಡುವ ಗುರುತು ಹಾಕುತ್ತದೆ. ಹೆಚ್ಚಿನ ರೋಗಿಗಳಲ್ಲಿ ಅದು ಕೆಟ್ಟಿರುತ್ತದೆ. ಸಿಆರ್‌ಇಬಿಬಿಪಿ ಇನ್ನೊಂದು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದೂ ಕೆಟ್ಟಿರುತ್ತದೆ. ಅದು ಕೆಟ್ಟರೆ, ‘ನಾನು ಹಾಳಾಗಿದ್ದೇನೆ’ ಅಂತ ಟಿ ಕೋಶಗಳಿಗೆ ತೋರಿಸುವ ಜೀನ್‌ಗಳು ಮುಚ್ಚಿಹೋಗುತ್ತವೆ. ಪಕ್ಕದಲ್ಲೇ ಇರುವ ಕಾವಲು ಕೋಶಗಳ ಕಣ್ಣಿಗೆ ಲಿಂಫೋಮಾ ಬೀಳುವುದೇ ಇಲ್ಲ. ಮೂರನೆಯದು ಇಜೆಡ್‌ಎಚ್2. ಇದು ಉಲ್ಟಾ, ಬಿಗಿ ಮಾಡುವ ಪ್ರೋಟೀನ್. ಸುಮಾರು ಕಾಲು ಭಾಗ ರೋಗಿಗಳಲ್ಲಿ ಇದು ಬದಲಾಗಿ, ಕೋಶ ಪಕ್ವವಾಗಲು ಬೇಕಾದ ಜೀನ್‌ಗಳನ್ನು ಮುಚ್ಚಿಟ್ಟು ತೆರೆಯಲು ಬಿಡುವುದಿಲ್ಲ. ಇದನ್ನು ತಡೆಯುವ ಟ್ಯಾಝೆಮೆಟೋಸ್ಟ್ಯಾಟ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2020ರಲ್ಲಿ ಅನುಮತಿ ಸಿಕ್ಕಿತು. ಕ್ರೊಮ್ಯಾಟಿನ್ ವಿಷಯ ಬರೀ ಪುಸ್ತಕದ್ದಲ್ಲ ಅನ್ನುವುದಕ್ಕೆ ಈ ಮಾತು. ನಿಮ್ಮಪ್ಪನಿಗೆ ಆ ಮಾತ್ರೆ ತರಿಸಿ ಅಂತಲ್ಲ.

ವಂಶದ ಮಾತು ಪೂರ್ತಿ ಸುಳ್ಳೂ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಲಿಂಫೋಮಾ ಇರುವವರ ಮಕ್ಕಳು, ಒಡಹುಟ್ಟಿದವರಲ್ಲಿ ಅಪಾಯ ಬೇರೆಯವರಿಗಿಂತ ಸುಮಾರು ಎರಡರಷ್ಟು ಅಂತ ದೊಡ್ಡ ಅಧ್ಯಯನಗಳು ಹೇಳುತ್ತವೆ. ಮೊದಲೇ ತೀರಾ ಕಡಿಮೆ ಇರುವುದು ಎರಡರಷ್ಟಾದರೂ ಕಡಿಮೆಯೇ. ಎಟಿಎಂ ಜೀನ್‌ನ ಎರಡೂ ಪ್ರತಿ ಕೆಟ್ಟು ಹುಟ್ಟುವ ಮಕ್ಕಳಿಗೆ ಲಿಂಫೋಮಾ ಅಪಾಯ ನಿಜಕ್ಕೂ ಜಾಸ್ತಿ. ಆದರೆ ಅದು ಅಪರೂಪದ ಕಾಯಿಲೆ. ಎಳವೆಯಲ್ಲೇ ನಡಿಗೆ ತಪ್ಪುತ್ತದೆ, ಕಣ್ಣಿನ ಬಿಳಿಯಲ್ಲಿ ಕೆಂಪು ನರಗಳು ಎದ್ದು ಕಾಣುತ್ತವೆ. ಅರವತ್ತು ದಾಟುವವರೆಗೆ ರೀಲಿಂಗ್ ಮಾಡಿಕೊಂಡು ಬಂದವರ ಕಾಯಿಲೆ ಅದಲ್ಲ. ಗಂಡಿನ ಕಡೆಯವರು ಕೇಳಿದರೆ ‘ಅಪ್ಪನ ಮೈಯ ಒಂದು ಕೋಶದಲ್ಲಿ ಆದದ್ದು, ಹುಟ್ಟಿನಿಂದ ಬಂದದ್ದಲ್ಲ’ ಅಂತ ಧೈರ್ಯವಾಗಿ ಹೇಳಿ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ನೀವು ಕೇಳಿಲ್ಲ, ಆದರೆ ಚಿಕ್ಕಬಳ್ಳಾಪುರ ಕಡೆಯವರು ಇದರ ಜೊತೆಗೇ ಕೇಳುವ ಎರಡು ಮಾತಿವೆ. ಒಂದು, ಬೋರ್‌ವೆಲ್ ನೀರಿನ ಫ್ಲೋರೈಡ್. ಅದು ಹಲ್ಲು, ಮೂಳೆ ಕೆಡಿಸುವುದು ನಿಜ. ಲಿಂಫೋಮಾ ತರುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಇನ್ನೊಂದು, ದ್ರಾಕ್ಷಿ, ಟೊಮೆಟೊಗೆ ಹೊಡೆಯುವ ಔಷಧಿ. ಇದನ್ನು ತಳ್ಳಿಹಾಕಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಲಿಂಡೇನ್ ಎಂಬ ಕೀಟನಾಶಕ ಲಿಂಫೋಮಾಕ್ಕೆ ಕಾರಣವಾಗುತ್ತದೆ ಅಂತಲೇ ತೀರ್ಮಾನಿಸಿತು. ಫ್ರಾನ್ಸಿನಲ್ಲಿ ಕೀಟನಾಶಕ ಬಳಸುವ ರೈತರ ರಕ್ತ ನೋಡಿದಾಗ, ಅದೇ 14-18ರ ಕೋಶಗಳು ಕಾಲ ಹೋದಂತೆ ಹೆಚ್ಚಾಗಿದ್ದವು. ಆ ವರದಿ ಬಂದದ್ದು 2009ರಲ್ಲಿ. ಒಬ್ಬರ ಕಾಯಿಲೆ ಇದರಿಂದಲೇ ಬಂತು ಅಂತ ಯಾರೂ ಬೆರಳು ತೋರಿಸಿ ಹೇಳಲಾರರು. ಆದರೆ ಬನಿಯನ್ ಹಾಕಿಕೊಂಡು ಬರಿಗೈಯಲ್ಲಿ ಔಷಧಿ ಕಲಸುವುದು ಮಾತ್ರ ಇಂದೇ ನಿಲ್ಲಬೇಕು.

ಇನ್ನು ನಿಮ್ಮಪ್ಪನ ವಿಷಯ. ಫಾಲಿಕ್ಯುಲರ್ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ತೊಂದರೆ ಇಲ್ಲದಿದ್ದರೆ ಡಾಕ್ಟರ್ ‘ಈಗ ಏನೂ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ’ ಅನ್ನಬಹುದು. ಕೈಚೆಲ್ಲಿದರು ಅಂದುಕೊಳ್ಳಬೇಡಿ, ಅದೂ ಚಿಕಿತ್ಸೆಯ ಒಂದು ಕ್ರಮ. ಔಷಧಿ ಶುರು ಮಾಡುವುದಾದರೆ ಹೆಚ್ಚಾಗಿ ರಿಟುಕ್ಸಿಮ್ಯಾಬ್ ಇರುತ್ತದೆ, ಜೊತೆಗೆ ಬೆಂಡಾಮಸ್ಟಿನ್‌ನಂಥ ಕೀಮೋ. ಬೆಂಡಾಮಸ್ಟಿನ್ ಮಾಡುವುದೂ ಡಿಎನ್‌ಎಗೆ ಹಾನಿಯನ್ನೇ, ಕೋಶಕ್ಕೆ ರಿಪೇರಿ ಮಾಡಿಕೊಳ್ಳಲು ಆಗದಷ್ಟು. ರಿಟುಕ್ಸಿಮ್ಯಾಬ್ ಮೊದಲು ಹೆಪಟೈಟಿಸ್ ಬಿ ರಕ್ತ ಪರೀಕ್ಷೆ ಆಗಿರಬೇಕು. ಒಳಗೆ ಅಡಗಿದ್ದ ವೈರಸ್ ಈ ಔಷಧಿಗೆ ಮತ್ತೆ ಏಳಬಹುದು. ಆಗಿದೆಯಾ ಅಂತ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನೇನು ಸಿಗುತ್ತದೆ ಅಂತಲೂ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ.

ಕೆಲವರಲ್ಲಿ ಇದು ವೇಗವಾಗಿ ಬೆಳೆಯುವ ಲಿಂಫೋಮಾ ಆಗಿ ಬದಲಾಗುವುದೂ ಉಂಟು. ಒಂದು ಗಂಟು ಮಾತ್ರ ದಿಢೀರ್ ದೊಡ್ಡದಾದರೆ, ಸೋಂಕಿಲ್ಲದೆ ಜ್ವರ ಬಂದರೆ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರಿದರೆ, ಊಟ ಸರಿಯಾಗಿ ಮಾಡಿದರೂ ತೂಕ ಇಳಿದರೆ ಮೂರು ತಿಂಗಳ ತಾರೀಖಿಗೆ ಕಾಯಬೇಡಿ. ಹಳೆಯ ಬಯಾಪ್ಸಿ ಮತ್ತು ಫಿಶ್ ರಿಪೋರ್ಟ್ ಎರಡನ್ನೂ ತೆಗೆದುಕೊಂಡು ಆ ವಾರವೇ ಹೋಗಿ. ಮತ್ತೆ ಬಯಾಪ್ಸಿ ಮಾಡಬೇಕು ಅಂದರೆ, ದೊಡ್ಡದಾಗಿರುವ ಆ ಗಂಟಿನಿಂದಲೇ ತೆಗೆಯುತ್ತಾರಾ ಅಂತ ಕೇಳಿಕೊಳ್ಳಿ.